ಪ್ರಶ್ನೆ ಕೇಳಬೇಕಾದವರು ಕೊಟ್ಟಿಗೆಯಲ್ಲಿದ್ದಾರೆ

ಆ ದಿನ ನಾನು ಹೋಗಿದ್ದು ಸರ್ವೆಗೆ. ಕೈಯಲ್ಲಿ ಹನ್ನೊಂದು ಪುಟದ ಪ್ರಶ್ನೆಪತ್ರಿಕೆ. ಮನೆಯ ಯಜಮಾನರು ಜಗಲಿಯಲ್ಲಿ ಕೂತು ಎಲ್ಲದಕ್ಕೂ ಉತ್ತರ ಕೊಟ್ಟರು. ಹಸು ಎಷ್ಟು? ನಾಲ್ಕು. ಲಸಿಕೆ? ಹಾಕಿಸಿದ್ದೀವಿ. ಕಾಯಿಲೆ? ಏನೂ ಇಲ್ಲ, ಎಲ್ಲ ಚೆನ್ನಾಗಿವೆ. ಪೆನ್ನು ಜೇಬಿಗೆ ಹಾಕಿಕೊಂಡು ಎದ್ದೆ. ಹೊರಡುವ ಮುಂಚೆ ಹಸುಗಳನ್ನೂ ಒಮ್ಮೆ ನೋಡಿಬಿಡೋಣ ಅಂತ ಕೊಟ್ಟಿಗೆಗೆ ಹೋದೆ.

ಅಲ್ಲಿ ಅವರ ಹೆಂಡತಿ ಒಂದು ಹಸುವಿನ ಹಿಂದೆ ನಿಂತಿದ್ದರು. ಹಸು ಏಳನೇ ತಿಂಗಳಿಗೆ ಕಂದು ಹಾಕಿತ್ತು, ಅಂದರೆ ಗರ್ಭಪಾತ ಆಗಿತ್ತು. ಸತ್ತೆ, ಅಂದರೆ ಮಾಸು, ಪೂರ್ತಿ ಬಿದ್ದಿರಲಿಲ್ಲ. ಆಕೆ ಬರಿಗೈಯಲ್ಲಿ ಅದನ್ನು ನಿಧಾನಕ್ಕೆ ಎಳೆಯುತ್ತಿದ್ದರು. ಬಲಗೈ ತೋರುಬೆರಳಿಗೆ ಹಳೇ ಬಟ್ಟೆಯ ಚೂರು ಸುತ್ತಿತ್ತು. ಹಿಂದಿನ ದಿನ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿತ್ತಂತೆ. ಬಟ್ಟೆ ಆಗಲೇ ನೆನೆದು ಕೆಂಪಾಗಿತ್ತು. ಅದು ಯಾರ ರಕ್ತ ಅಂತ ಹೇಳೋಕೆ ಆಗುತ್ತಿರಲಿಲ್ಲ.

"ಇದು ಎರಡನೇದು. ಪಕ್ಕದ್ದು ಹೋದ ತಿಂಗಳೇ ಕಂದು ಹಾಕ್ತು" ಅಂದರು. ನಾನು ಕೇಳದೇ ಇದ್ದರೂ ಮುಂದುವರಿಸಿದರು. "ನಂಗೂ ಆಗಿಂದ ಸಂಜೆ ಆದ್ರೆ ಮೈ ಬಿಸಿ. ರಾತ್ರಿ ಬೆವತು ಬಟ್ಟೆಯೆಲ್ಲ ಒದ್ದೆ ಆಗತ್ತೆ. ಬೆಳಗ್ಗೆ ಏಳೋಕೆ ಹೋದ್ರೆ ಸೊಂಟ ಹಿಡ್ಕೊಂಡಿರತ್ತೆ."

ಈ ಮಾತು ಬರೆದುಕೊಳ್ಳೋಕೆ ಹನ್ನೊಂದು ಪುಟದಲ್ಲಿ ಒಂದು ಸಾಲೂ ಇರಲಿಲ್ಲ. ಹಸುವಿನ ವಿಷಯ ಹಸುವಿನ ಪುಟದಲ್ಲಿ, ಮನುಷ್ಯರ ವಿಷಯ ನಮ್ಮ ಕೆಲಸವೇ ಅಲ್ಲ ಅನ್ನೋ ಲೆಕ್ಕದಲ್ಲಿ ಅದನ್ನು ತಯಾರು ಮಾಡಿದ್ದರು.

ಆಕೆ ಹೇಳಿದ್ದು ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಮನುಷ್ಯರಿಗೆ ಬಂದಾಗ ಹೇಗಿರುತ್ತೋ ಹಾಗೇ ಇತ್ತು. ಬಂದು ಹೋಗುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಸೊಂಟದ ನೋವು, ಎದ್ದು ಓಡಾಡೋಕೂ ಆಗದಷ್ಟು ಸುಸ್ತು. ಸತ್ತ ಕರು, ಸತ್ತೆ, ಜೊತೆಗೆ ಬರುವ ಗರ್ಭದ ನೀರು, ಎಲ್ಲದರಲ್ಲೂ ರೋಗಾಣು ತುಂಬಿರುತ್ತೆ. ಕೈ ಮೇಲೆ ಸಣ್ಣ ಗಾಯ ಇದ್ದರೂ ಒಳಗೆ ಹೋಗುತ್ತೆ. ಕಣ್ಣಿಗೆ ಹನಿ ಸಿಡಿದರೂ ಸಾಕು. ಕಾಯಿಸದ ಹಾಲಿನಿಂದಲೂ ಬರುತ್ತೆ. ಇಂಥವರು ಆಸ್ಪತ್ರೆಗೆ ಹೋದರೆ ಟೈಫಾಯ್ಡ್ ಇರಬಹುದು, ಮಲೇರಿಯಾ ಇರಬಹುದು ಅಂತ ಒಂದರ ಮೇಲೊಂದು ಟೆಸ್ಟ್ ಆಗುತ್ತೆ. "ಮನೇಲಿ ಹಸು ಇದೆಯಾ? ಕಂದು ಹಾಕಿತ್ತಾ?" ಅಂತ ಕೇಳುವವರು ಕಡಿಮೆ. ಕೇಳಿದರೆ ರೋಗ ಹಿಡಿಯೋದು ಎಷ್ಟು ಸುಲಭ ಆಗುತ್ತೆ, ಅಲ್ವಾ?

ನನಗೆ ಬೇಜಾರಾಗೋದು ಇದಕ್ಕೇ. ಪಶುವೈದ್ಯರು ಹಸು ನೋಡಿ ಹೋಗುತ್ತಾರೆ. ಜ್ವರದ ಡಾಕ್ಟರು ಜ್ವರ ನೋಡಿ ಕಳಿಸುತ್ತಾರೆ. ನಮ್ಮಂಥವರು ಜಗಲಿಯಲ್ಲೇ ಫಾರ್ಮ್ ತುಂಬಿಸಿಕೊಂಡು ಬರುತ್ತೇವೆ. ಹಾಲು ಕರೆಯುವ, ಸಗಣಿ ಬಾಚುವ, ಹೆರಿಗೆ ಮಾಡಿಸುವ ಕೈ ಯಾವುದೋ, ಆ ಕೈಯವರನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಬಹಳ ಮನೆಗಳಲ್ಲಿ ಅದು ಹೆಂಗಸರ ಕೈ. ಇಲ್ಲದಿದ್ದರೆ ಕೂಲಿಯವರದು. ಅವರನ್ನು ಬಿಟ್ಟು ಮಾಡಿದ ಸಂಶೋಧನೆಯಲ್ಲಿ ಅಂಕಿಅಂಶ ಎಷ್ಟೇ ಚೆನ್ನಾಗಿದ್ದರೂ ನನಗೆ ನಂಬಿಕೆ ಬರಲ್ಲ.

ಇದು ಇವತ್ತಿನ ಕಥೆಯೂ ಅಲ್ಲ. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ವರ್ಷಗಟ್ಟಲೆ ಇದೇ ಜ್ವರ ಬರುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಅನ್ನೋ ಸೇನಾ ವೈದ್ಯರು ಸತ್ತ ಸೈನಿಕರ ಗುಲ್ಮದಲ್ಲಿ ಈ ರೋಗಾಣು ಕಂಡುಹಿಡಿದರು. ಆದರೆ ಅದು ಎಲ್ಲಿಂದ ಬರುತ್ತೆ ಅಂತ ಗೊತ್ತಾಗೋಕೆ ಮತ್ತೆ 18 ವರ್ಷ ಹಿಡಿಯಿತು. 1905ರಲ್ಲಿ ಥೆಮಿಸ್ಟೊಕ್ಲಿಸ್ ಝಾಮಿಟ್ ಅನ್ನೋ ಮಾಲ್ಟಾದ ವೈದ್ಯರು ಅಲ್ಲಿನ ಮೇಕೆಗಳ ರಕ್ತ ಪರೀಕ್ಷೆ ಮಾಡಿದರು. ಮೇಕೆಗಳು ನೋಡೋಕೆ ಚೆನ್ನಾಗೇ ಇದ್ದವು, ಚೆನ್ನಾಗೇ ಹಾಲು ಕೊಡುತ್ತಿದ್ದವು. ರೋಗ ಇದ್ದದ್ದು ಅವುಗಳಲ್ಲೇ. ಮರುವರ್ಷ ಸೈನಿಕರಿಗೆ ಆ ಹಾಲು ನಿಲ್ಲಿಸಿದರು. ಜ್ವರ ತಾನಾಗೇ ಇಳಿಯಿತು.

ಈ ಮಧ್ಯೆ 1897ರಲ್ಲೇ ಡೆನ್ಮಾರ್ಕಿನ ಬರ್ನಾರ್ಡ್ ಬ್ಯಾಂಗ್ ಹಸುಗಳು ಕಂದು ಹಾಕೋಕೆ ಕಾರಣವಾದ ರೋಗಾಣುವನ್ನು ಗುರುತಿಸಿದ್ದರು. ಅದೂ ಮೇಕೆಯದ್ದೂ ಹತ್ತಿರದ ಸಂಬಂಧಿಗಳು ಅಂತ ಅಮೆರಿಕದ ಆಲಿಸ್ ಇವಾನ್ಸ್ ತೋರಿಸಿದ್ದು 1918ರಲ್ಲಿ. ಹಾಲನ್ನು ಕಾಯಿಸಿಯೇ ಮಾರಬೇಕು ಅಂತ ಅವರು ಹಟ ಹಿಡಿದರೆ, ದೊಡ್ಡವರು ಅನ್ನಿಸಿಕೊಂಡವರು ವರ್ಷಗಟ್ಟಲೆ ನಂಬಲಿಲ್ಲ. ಕೆಲಸ ಮಾಡುತ್ತಲೇ ಅವರಿಗೂ ಅದೇ ರೋಗ ಅಂಟಿತು. ಹಸುವಿನ ಫೈಲು, ಮೇಕೆಯ ಫೈಲು, ಮನುಷ್ಯರ ಫೈಲು ಬೇರೆ ಬೇರೆ ಇದ್ದದ್ದಕ್ಕೆ ಇಷ್ಟು ವರ್ಷ ಹಾಳಾಯಿತು.

ಮಲೇಷ್ಯಾದ ನಿಪಾ ಇನ್ನೂ ಕಣ್ಣು ತೆರೆಸುವ ಉದಾಹರಣೆ. 1998ರ ಕೊನೆಯಲ್ಲಿ ಜನ ಮಿದುಳು ಜ್ವರದಿಂದ ಸಾಯತೊಡಗಿದಾಗ, ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಅಂದುಕೊಂಡರು. ಔಷಧಿ ಹೊಗೆ ಬಿಟ್ಟರು, ಲಸಿಕೆ ಹಾಕಿದರು. ಆದರೆ ಆ ರೋಗ ಜಾಸ್ತಿ ಮಕ್ಕಳಿಗೆ ಬರುವಂಥದ್ದು. ಇಲ್ಲಿ ಬೀಳುತ್ತಿದ್ದವರು ಹಂದಿ ಸಾಕುವ ದೊಡ್ಡ ಗಂಡಸರು. ಲಸಿಕೆ ಹಾಕಿಸಿಕೊಂಡವರೂ ಮಲಗಿದರು. ಹಂದಿಗಳು ಜೋರಾಗಿ ಕೆಮ್ಮುತ್ತಿದ್ದವು. ಇದು ಮೊದಲು ಗೊತ್ತಾಗಿದ್ದು ಲ್ಯಾಬಿನವರಿಗಲ್ಲ, ಅವುಗಳ ಜೊತೆ ಬದುಕುವವರಿಗೆ. ಹೊಸ ವೈರಸ್ ಅಂತ ಗೊತ್ತಾಗುವ ಹೊತ್ತಿಗೆ ಮಾರ್ಚ್ 1999 ಬಂದಿತ್ತು. ನೂರಕ್ಕೂ ಜಾಸ್ತಿ ಜನ ಸತ್ತರು, ಹತ್ತು ಲಕ್ಷ ಹಂದಿಗಳನ್ನು ಕೊಂದರು. ಹಂದಿಗೂಡಿನ ಪಕ್ಕದಲ್ಲೇ ಹಣ್ಣಿನ ಮರ, ಮರಕ್ಕೆ ಬರುವ ಬಾವಲಿ, ಅದು ಕಚ್ಚಿ ಬೀಳಿಸಿದ ಹಣ್ಣು. ಇದನ್ನೆಲ್ಲ ಆಮೇಲೆ ಜೋಡಿಸಿದರು. ಮರ ಎಲ್ಲಿ ನೆಟ್ಟಿದ್ದೀರಿ ಅನ್ನೋದೂ ಆರೋಗ್ಯದ ಪ್ರಶ್ನೆ ಆಗಬಹುದು ಅಂತ ನಾನು ಕಲಿತಿದ್ದು ಇದರಿಂದ.

ತೀರಾ ಮೊನ್ನೆ, 2024ರಲ್ಲಿ, ಅಮೆರಿಕದ ಡೈರಿಗಳಲ್ಲಿ ಹಸುಗಳ ಹಾಲು ಇದ್ದಕ್ಕಿದ್ದಂತೆ ಇಳಿದು ಗಿಣ್ಣದ ಹಾಗೆ ದಪ್ಪ ಆಯಿತು. ಆ ಹಸಿ ಹಾಲು ಕುಡಿದ ಕೊಟ್ಟಿಗೆ ಬೆಕ್ಕುಗಳು ಸತ್ತವು. ಅದು ಹಕ್ಕಿಜ್ವರ. ಸತ್ತ ಬೆಕ್ಕುಗಳನ್ನು ಯಾರೋ ಗಮನಿಸಿ ಹೇಳಿದ್ದಕ್ಕೆ ದಾರಿ ಸಿಕ್ಕಿತು.

ಹಾಗಾದರೆ ರೈತರು ಯಾಕೆ ಮುಚ್ಚಿಡುತ್ತಾರೆ ಅಂತ ಕೆಲವರು ಕೇಳುತ್ತಾರೆ. ಜಗಲಿಯಲ್ಲಿ ಕೂತ ಯಜಮಾನರು ಸುಳ್ಳು ಹೇಳಿದ್ದು ನಿಜ. ನಾನು ಅವರನ್ನು ಬೈಯಲ್ಲ. ರೋಗ ಇದೆ ಅಂದರೆ ಹಾಲು ತಗೊಳ್ಳಲ್ಲ, ಹಸು ಮಾರೋಕೆ ಆಗಲ್ಲ, ಪರಿಹಾರ ಯಾವಾಗ ಬರುತ್ತೋ ಗೊತ್ತಿಲ್ಲ. ನಿಜ ಹೇಳಿದವರಿಗೆ ನಷ್ಟ, ಮುಚ್ಚಿಟ್ಟವರಿಗೆ ಲಾಭ ಅನ್ನೋ ವ್ಯವಸ್ಥೆ ಮಾಡಿಟ್ಟು ಅವರನ್ನು ಅಜ್ಞಾನಿಗಳು ಅನ್ನೋದು ದೊಡ್ಡ ಅನ್ಯಾಯ. ಇನ್ನೊಂದು ಅನ್ಯಾಯ ನಮ್ಮ ಕಡೆಯಿಂದಲೇ ಆಗುತ್ತೆ. ರಕ್ತ ತಗೊಂಡು ಹೋಗುತ್ತೇವೆ, ರಿಪೋರ್ಟ್ ಮಾತ್ರ ವಾಪಸ್ ಕೊಡಲ್ಲ. ಆ ಸಲ ನಾನು ರಿಪೋರ್ಟ್ ಕೇಳಿದ್ದಕ್ಕೆ ನಮ್ಮವರೇ "ವಿಶ್ಲೇಷಣೆ ಮುಗಿದಿಲ್ಲ" ಅಂದರು. ಕೊಟ್ಟಿಗೆಯಲ್ಲಿದ್ದ ಆಕೆಗೆ ಜ್ವರ ಇದೆ ಅಂತ ಮೂರು ಸಲ ಹೇಳಬೇಕಾಯಿತು.

ಕೊಟ್ಟಿಗೆಯಲ್ಲಿ ಕೆಲಸ ಮಾಡುವವರಿಗೆ ಕೈಮುಗಿದು ಹೇಳುತ್ತೇನೆ. ಸತ್ತೆ ಮುಟ್ಟುವ ಮುಂಚೆ ಗ್ಲೌಸ್ ಹಾಕಿ, ಸಿಗದಿದ್ದರೆ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಕವರ್ ಆದರೂ ಸರಿ. ಗರ್ಭಿಣಿಯರು ಆ ಕೆಲಸಕ್ಕೆ ಹೋಗಲೇಬೇಡಿ. ಸತ್ತ ಕರುವನ್ನು ನಾಯಿಗೆ ಎಸೆಯಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲು ಕುದಿಸಿಯೇ ಕುಡಿಯಿರಿ. ಜ್ವರ ಅಂತ ಹೋದಾಗ ಡಾಕ್ಟರು ಕೇಳದಿದ್ದರೂ ಹಸು ಕಂದು ಹಾಕಿದ್ದನ್ನು ನೀವೇ ಬಾಯಿಬಿಟ್ಟು ಹೇಳಿ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಹಾಕುವ ಲಸಿಕೆ ಇದೆ. ಅದನ್ನು ಪಶುವೈದ್ಯರೇ ಹಾಕಬೇಕು, ಯಾಕಂದರೆ ಆ ಸೂಜಿ ಮನುಷ್ಯರಿಗೆ ಚುಚ್ಚಿದರೆ ರೋಗ ಬರಬಹುದು.

ಆಕೆಗೆ ಕೊನೆಗೂ ಸರಿಯಾದ ಪರೀಕ್ಷೆ ಆಯಿತು. ಎರಡು ಥರದ ಮಾತ್ರೆ, ಆರು ವಾರ. ಜ್ವರ ಬಿಟ್ಟಿತು. ಫೋನ್ ಮಾಡಿದಾಗ ಆಕೆ ಕೇಳಿದ್ದು ಒಂದೇ: "ನಂಗೆ ಮಾತ್ರೆ ಸಿಕ್ತು. ಹಸೂಗೆ ಏನು ಮಾಡ್ಲಿ?" ಹಸುವಿಗೆ ಅಂಥ ಔಷಧಿ ಇಲ್ಲ ಅಂದೆ. ಸಾಮಾನ್ಯವಾಗಿ ಒಂದು ಸಲ ಕಂದು ಹಾಕಿದ ಹಸು ಮುಂದಿನ ಸಲ ಸರಿಯಾಗೇ ಈಯುತ್ತೆ, ವಾಸಿಯಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಹಾಲಲ್ಲಿ, ಈದಾಗಿನ ನೀರಲ್ಲಿ ರೋಗಾಣು ಹೋಗುತ್ತಲೇ ಇರಬಹುದು ಅಂತಲೂ ಹೇಳಿದೆ. ಬೇರೆ ಕಟ್ಟಿ, ಮಾರಬೇಡಿ, ಪರಿಹಾರಕ್ಕೆ ಬರೆದಿದ್ದೇನೆ ಅಂದೆ.

ನಾಲ್ಕು ತಿಂಗಳಾದ ಮೇಲೆ ಹೋದಾಗ ಕೊಟ್ಟಿಗೆಯಲ್ಲಿ ಎರಡೇ ಹಸು. ಪರಿಹಾರ ಬಂದಿರಲಿಲ್ಲ. ಯಾರಿಗೆ ಮಾರಿದಿರಿ ಅಂತ ಕೇಳಿದೆ. ದಲ್ಲಾಳಿ ಬಂದು ಹೊಡೆದುಕೊಂಡು ಹೋದನಂತೆ. ಯಾವ ಊರಿಗೆ ಅಂತ ಅವರಿಗೂ ಗೊತ್ತಿಲ್ಲ.