ಒಣ ಹವೆಯ ಊರಲ್ಲೂ ಗೆದ್ದಲು ಬರುತ್ತದೆ

ಮಳೆ ಕಡಿಮೆ ಇರುವ ಕಡೆ ಗೆದ್ದಲಿನ ಭಯವಿಲ್ಲ, ಅಲ್ಲಿ ಇಲ್ಲಿ ಕಂಡರೆ ಸೀಮೆಎಣ್ಣೆ ಸುರಿದರೆ ಸಾಕು ಎಂಬ ಮೆಸೇಜ್ ಮತ್ತೆ ಮತ್ತೆ ಬರುತ್ತಿರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಎರಡೂ ಮಾತು ತಪ್ಪು.

ಮನೆಗೆ ನುಗ್ಗುವ ಗೆದ್ದಲು ಹೆಚ್ಚಾಗಿ ನೆಲದೊಳಗೆ ಗೂಡು ಮಾಡುವಂಥದ್ದು. ಮೇಲೆ ಎಷ್ಟೇ ಒಣಗಿದ್ದರೂ ಆಳದ ಮಣ್ಣಿನಲ್ಲಿ ತೇವ ಇರುತ್ತದೆ ಅಲ್ವಾ? ಅಲ್ಲಿಂದ ಮಣ್ಣಿನ ಸಣ್ಣ ಕೊಳವೆ ಕಟ್ಟಿಕೊಂಡು, ಅದರೊಳಗೇ ತೇವ ಉಳಿಸಿಕೊಂಡು ಗೋಡೆ ಹತ್ತುತ್ತವೆ. ಬಿಸಿಲು, ಒಣ ಗಾಳಿ ಅವನ್ನು ತಾಗುವುದೇ ಇಲ್ಲ. ಸೋರುವ ನಲ್ಲಿ, ಗೋಡೆಗೆ ತಾಗಿದ ಕೈತೋಟ ಇದ್ದರೆ ಇನ್ನೂ ಅನುಕೂಲ. ನಮಗೆ ಕಾಣುವುದು ಹೆಚ್ಚಾಗಿ ಕೆಲಸಗಾರ ಹುಳುಗಳು. ರಾಣಿ ಗೂಡಿನಲ್ಲಿ ಮೊಟ್ಟೆ ಇಡುತ್ತಲೇ ಇರುತ್ತದೆ. ಸೀಮೆಎಣ್ಣೆ ಅಲ್ಲಿಗೆ ತಲುಪುವುದಿಲ್ಲ, ಬೆಂಕಿಯ ಅಪಾಯ ಮಾತ್ರ ಜಾಸ್ತಿ.

ನೀವೇ ನೋಡಬಹುದು. ಕೊಳವೆಯನ್ನು ಒಂದು ಕಡೆ ಸ್ವಲ್ಪ ಒಡೆದು, ಕೆಲವು ದಿನ ಬಿಟ್ಟು ನೋಡಿ. ಮತ್ತೆ ಮುಚ್ಚಿದ್ದರೆ ಹುಳು ಇದೆ. ಮುಚ್ಚಿಲ್ಲ ಎಂದ ಮಾತ್ರಕ್ಕೆ ಹೋಗಿದೆ ಎಂದಲ್ಲ, ದಾರಿ ಬದಲಿಸಿರಬಹುದು. ಬಾಗಿಲ ಚೌಕಟ್ಟನ್ನು ತಟ್ಟಿ, ಟೊಳ್ಳು ಸದ್ದು ಬರುತ್ತದೆಯೇ ಕೇಳಿ.

ಇಂಥ ಮೆಸೇಜ್ ಬಂದಾಗ ಒಂದು ಪ್ರಶ್ನೆ ಸಾಕು: ಈ ಉಪಾಯ ಗೂಡಿನವರೆಗೆ ಹೇಗೆ ತಲುಪುತ್ತದೆ, ಇಲ್ಲವೇ ಹುಳು ಮನೆಗೆ ಬರುವ ದಾರಿಯನ್ನು ಹೇಗೆ ತಡೆಯುತ್ತದೆ? ಅದಕ್ಕೆ ಉತ್ತರವಿಲ್ಲದಿದ್ದರೆ ನಂಬಬೇಡಿ. ಪೆಸ್ಟ್ ಕಂಟ್ರೋಲ್‌ನವರಿಗೂ ಇದನ್ನೇ ಕೇಳಿ. ಗೋಡೆಯ ಬುಡದ ಮಣ್ಣಿಗೆ ಔಷಧಿ ಇಳಿಸುತ್ತಾರೋ, ಹುಳುಗಳೇ ಗೂಡಿಗೆ ಹೊತ್ತೊಯ್ಯುವ ವಿಷದ ತಿನಿಸು ಇಡುತ್ತಾರೋ? ಔಷಧಿಯ ಹೆಸರು, ಲೇಬಲ್ ತೋರಿಸಲು ಹೇಳಿ.