ವಿಮಾನ ನಿಲ್ದಾಣದ ಮುಂದೆ ನಮ್ಮ ಅಹವಾಲು: ಬ್ರಿಸ್ಟಲ್‌ನಲ್ಲಿ ಮತ್ತು ನಮ್ಮ ನಾಡಿನಲ್ಲಿ

ಇಂಗ್ಲೆಂಡಿನ ಬ್ರಿಸ್ಟಲ್ ವಿಮಾನ ನಿಲ್ದಾಣಕ್ಕೆ ವರ್ಷಕ್ಕೆ 1 ಕೋಟಿ ಪ್ರಯಾಣಿಕರ ಮಿತಿಯಿತ್ತು. ಅದನ್ನು 1.2 ಕೋಟಿಗೆ ಏರಿಸಬೇಕೆಂಬ ಅರ್ಜಿಯನ್ನು ಸ್ಥಳೀಯ ಆಡಳಿತವಾದ ನಾರ್ತ್ ಸಾಮರ್‌ಸೆಟ್ ಕೌನ್ಸಿಲ್ 2020ರಲ್ಲಿ ತಿರಸ್ಕರಿಸಿತು. ನಿಲ್ದಾಣದವರು ಮೇಲ್ಮನವಿ ಹೋದರು. 2021ರ ಜುಲೈನಲ್ಲಿ, ಇಂಥ ಮೇಲ್ಮನವಿಗಳನ್ನು ಆಲಿಸಿ ತೀರ್ಮಾನಿಸುವ ಮೂವರು ಇನ್‌ಸ್ಪೆಕ್ಟರುಗಳ ಮುಂದೆ ಸಾರ್ವಜನಿಕ ವಿಚಾರಣೆ ಆರಂಭವಾಗಿ, 36 ದಿನಗಳ ಕಲಾಪ ನಡೆದು, 2022ರ ಫೆಬ್ರವರಿಯಲ್ಲಿ ಅನುಮತಿ ದೊರೆಯಿತು. ಈ ಸೀಮೆಯಲ್ಲಿ ನೆಲೆಸಿರುವ ನನಗೆ ಆ ತೀರ್ಪಿಗಿಂತಲೂ, ಅದಕ್ಕಾಗಿ ಜನರು ಬರೆದ ಹೇಳಿಕೆಗಳ ರೀತಿಯೇ ಹೆಚ್ಚು ಯೋಚನೆಗೆ ಹಚ್ಚಿದೆ.

ಇಲ್ಲಿ ಹೇಳಿಕೆ ಬರೆಯುವವರು ಮೊದಲು ತಿಳಿದುಕೊಳ್ಳಬೇಕಾದದ್ದು, ಇನ್‌ಸ್ಪೆಕ್ಟರು ಯಾವುದನ್ನು ಪರಿಗಣಿಸಬಲ್ಲರು ಎಂಬುದನ್ನು. 'ವಿಮಾನಗಳಿಂದ ನಿದ್ದೆ ಕೆಡುತ್ತದೆ' ಎಂದಷ್ಟೇ ಬರೆದರೆ ಅದು ಸಾವಿರಾರು ಪತ್ರಗಳ ರಾಶಿಯಲ್ಲಿ ಇನ್ನೊಂದು ಪತ್ರವಾಗುತ್ತದೆ. ಆದರೆ ರಾತ್ರಿ ವಿಮಾನಗಳಿಗೆ ಬೇಸಿಗೆಯಲ್ಲಿ 3000, ಚಳಿಗಾಲದಲ್ಲಿ 1000 ಎಂದು ಪ್ರತ್ಯೇಕವಾಗಿದ್ದ ಮಿತಿಯನ್ನು ತೆಗೆದು, ಇಡೀ ವರ್ಷಕ್ಕೆ ಒಟ್ಟು 4000 ಎಂದು ಮಾಡಿದರೆ ಏನಾಗುತ್ತದೆ? ಮೊತ್ತ ಬದಲಾಗುವುದಿಲ್ಲ, ನಿಜ. ಆದರೆ ಕಿಟಕಿ ತೆರೆದು ಮಲಗುವ ಬೇಸಿಗೆಯ ರಾತ್ರಿಗಳಿಗೇ ಹೆಚ್ಚಿನ ವಿಮಾನಗಳು ಬಂದು ಬೀಳಬಹುದು. ತಮ್ಮ ಮಲಗುವ ಕೋಣೆ ಯಾವ ದಿಕ್ಕಿಗಿದೆ, ಎಷ್ಟು ಗಂಟೆಗೆ ಎಚ್ಚರವಾಗುತ್ತದೆ ಎಂಬುದನ್ನು ಈ ಅಂಶಕ್ಕೆ ಜೋಡಿಸಿ ಬರೆದವರ ಮಾತಿಗೆ ನಿಲ್ದಾಣದ ಪರ ತಜ್ಞರು ಉತ್ತರ ಹುಡುಕಲೇಬೇಕಾಗುತ್ತದೆ.

ವಿಧಿವಿಧಾನವೂ ಕಟ್ಟುನಿಟ್ಟು. ಪೂರ್ಣ ಪ್ರಮಾಣದ ಪಕ್ಷಕಾರರು ತಮ್ಮ ಸಾಕ್ಷ್ಯವನ್ನು ವಿಚಾರಣೆಗೆ ನಾಲ್ಕು ವಾರ ಮೊದಲೇ ಲಿಖಿತವಾಗಿ ಕೊಡಬೇಕು. ಅದು 1500 ಪದ ಮೀರಿದರೆ ಸಾರಾಂಶವನ್ನೂ ಲಗತ್ತಿಸಬೇಕು. ಹಾಗೆ ಪಕ್ಷಕಾರರಾಗಿ ಸೇರಿಕೊಂಡ ಊರಿನ ಸಂಘಕ್ಕೂ ಎದುರು ಪಕ್ಷದ ತಜ್ಞರನ್ನು ಪಾಟೀಸವಾಲಿಗೆ ಒಳಪಡಿಸುವ ಹಕ್ಕು ಸಿಗುತ್ತದೆ. ವಕೀಲರ ಖರ್ಚನ್ನು ನಿಲ್ದಾಣದಷ್ಟು ಸುಲಭವಾಗಿ ಊರವರು ಭರಿಸಲಾರರು ಎಂಬುದು ಬೇರೆ ಮಾತು.

ಹಾಗೆಂದು ಈ ಶಿಸ್ತಿಗೆ ಮಾರುಹೋಗಬೇಕಾಗಿಲ್ಲ. ಬ್ರಿಸ್ಟಲ್‌ನಲ್ಲಿ ಜನರು ಬಹಳವಾಗಿ ಬರೆದದ್ದು ಹವಾಮಾನ ಬದಲಾವಣೆಯ ಬಗ್ಗೆ. ವಿಮಾನಗಳ ಇಂಗಾಲವನ್ನು ಹತೋಟಿಯಲ್ಲಿಡುವುದು ಮುಖ್ಯವಾಗಿ ರಾಷ್ಟ್ರೀಯ ಸರ್ಕಾರದ ಕೆಲಸ ಎಂಬ ನಿಲುವನ್ನು ಇನ್‌ಸ್ಪೆಕ್ಟರುಗಳು ತಾಳಿದರು. 2023ರಲ್ಲಿ ಹೈಕೋರ್ಟು ಆ ತೀರ್ಮಾನವನ್ನು ಎತ್ತಿಹಿಡಿಯಿತು. ಅಂದರೆ ಶಬ್ದ, ವಾಹನ ನಿಲುಗಡೆ, ಬಾವಲಿಗಳ ನೆಲೆ ಇವುಗಳ ಬಗ್ಗೆ ಎಷ್ಟು ಬೇಕಾದರೂ ವಾದಿಸಬಹುದು, ಆದರೆ 'ಇದು ಬೇಕೇ?' ಎಂಬ ಮೂಲ ಪ್ರಶ್ನೆಯ ಬಹುಪಾಲು ಲಂಡನ್ನಿನಲ್ಲಿ ಮೊದಲೇ ಇತ್ಯರ್ಥವಾಗಿರುತ್ತದೆ. ಇಷ್ಟು ಅಚ್ಚುಕಟ್ಟಾಗಿ ಕಿವಿಗೊಡುವ ವ್ಯವಸ್ಥೆಯೊಂದು ಅತಿ ಮುಖ್ಯವಾದ ಮಾತನ್ನೇ ಬಾಗಿಲಾಚೆ ನಿಲ್ಲಿಸುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ನಮ್ಮ ದೇಶದ ಪರಿಸರ ಸಾರ್ವಜನಿಕ ಆಲಿಕೆ ಸಭೆ ಈ ವಿಷಯದಲ್ಲಿ ಉದಾರವಾಗಿದೆ. ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯಂತೆ ಅದು ನಡೆಯುವುದು ಪರಿಸರ ಪರಿಣಾಮದ ವರದಿ ಇನ್ನೂ ಕರಡಾಗಿರುವಾಗ. ಕನಿಷ್ಠ 30 ದಿನಗಳ ಮುನ್ಸೂಚನೆ ಇರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಶಾಮಿಯಾನದ ಕೆಳಗೆ ಮೈಕು ಹಿಡಿದ ರೈತ 'ಈ ಯೋಜನೆಯೇ ಬೇಡ' ಎಂದು ಕನ್ನಡದಲ್ಲಿ ಹೇಳಿದರೆ, ಅದು ಪರಿಗಣನೆಗೆ ಬಾರದ ಮಾತೆಂದು ಯಾರೂ ತಡೆಯುವಂತಿಲ್ಲ. ನೋಟಿಸಿನ ಅವಧಿಯನ್ನು 20 ದಿನಕ್ಕೆ ಇಳಿಸಲು ಹೊರಟಿದ್ದ 2020ರ ಕರಡು ಅಧಿಸೂಚನೆಗೆ ಅಷ್ಟು ವಿರೋಧ ಬಂದದ್ದು ಸುಮ್ಮನೆ ಅಲ್ಲ.

ಆದರೆ ಆ ಮಾತು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು ಬೆನ್ನು ಹತ್ತುವುದು ಕಡಿಮೆ. ದೆಹಲಿಯ ತಜ್ಞರ ಸಮಿತಿಯ ಮೇಜಿಗೆ ಹೋಗುವುದು ನಡಾವಳಿ, ಅದರೊಂದಿಗೆ ಜನರ ಆಕ್ಷೇಪಗಳಿಗೆ ಯೋಜನೆಯವರು ಕೊಟ್ಟ ಉತ್ತರ. ಅಲ್ಲಿ 'ಕೆಲವರು ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು' ಎಂದು ದಾಖಲಾದರೆ ಉತ್ತರವೂ ಅಷ್ಟೇ ಜಾಳಾಗಿ ಬರುತ್ತದೆ. ಯಾವ ಸರ್ವೆ ನಂಬರಿನ ಕೆರೆ, ಅದಕ್ಕೆ ಯಾವ ಕಾಲುವೆಯಿಂದ ನೀರು, ವರದಿಯ ಯಾವ ಪುಟದಲ್ಲಿ ಅದು ಬಿಟ್ಟುಹೋಗಿದೆ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆದರೆ ಜಾರಿಕೊಳ್ಳುವುದು ಕಷ್ಟ. ಲಿಖಿತ ಅಹವಾಲಿಗೆ ನಮ್ಮ ನಿಯಮದಲ್ಲೂ ಜಾಗವಿದೆ. ಬ್ರಿಸ್ಟಲ್‌ನವರಿಂದ ಕಲಿಯಬೇಕಾದ ಕಸುಬು ಇದೊಂದೇ. ಇನ್ನೂ ಒಂದು ಹಕ್ಕು ಬ್ರಿಸ್ಟಲ್‌ನವರಿಗಿಂತ ನಮಗೇ ಚೆನ್ನಾಗಿದೆ. ಸಭೆಯ ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಸೇರಿದವರೆದುರು ಓದಿ, ಸ್ಥಳೀಯ ಭಾಷೆಯಲ್ಲಿ ವಿವರಿಸಿ, ಅಧಿಕಾರಿ ಅಂದೇ ಸಹಿ ಹಾಕಬೇಕು. ಭಾಷಣ ಮುಗಿಯಿತೆಂದು ಜನರು ಎದ್ದು ಹೊರಡುವುದು ಸಾಮಾನ್ಯವಾಗಿ ಆ ಹೊತ್ತಿಗೇ. ತಮ್ಮ ಮಾತು ಅದರಲ್ಲಿ ಸೇರಿಲ್ಲವಾದರೆ ಸೇರಿಸಿರೆಂದು ಒತ್ತಾಯಿಸಬೇಕಾದದ್ದೂ ಆ ಹೊತ್ತಿನಲ್ಲೇ.