ಗೋಬಿ ತಿಂದು ಅಮೃತಬಳ್ಳಿ ಕಷಾಯ ಕುಡಿದ್ರೆ ಲಿವರ್ ಸೇಫಾ? ಸತ್ಯಾಂಶ ಇಲ್ಲಿದೆ

ಗೋಬಿ ಮಂಚೂರಿ ಕಲರ್, ಟೇಸ್ಟಿಂಗ್ ಪೌಡರ್ ಇಂದ ಲಿವರ್, ಕಿಡ್ನಿಗೆ ಆಗೋ ಹಾನೀನ ದಿನಾ ಒಂದ್ ಲೋಟ ಅಮೃತಬಳ್ಳಿ ಕಷಾಯ ತೊಳೆದು ಹಾಕತ್ತೆ ಅನ್ನೋ ಫಾರ್ವರ್ಡ್ ಓಡಾಡ್ತಿದೆ. ಹಾಗೇನಿಲ್ಲ. ಇಂಥ ಮಾತಿಗೆಲ್ಲ ಆಧಾರ ಹೆಚ್ಚಾಗಿ ಇಲಿಗಳ ಪ್ರಯೋಗ, ಅಲ್ಲಿ ಇಲಿಗೆ ಕೊಡೋ ಡೋಸು ನಾವು ತಿನ್ನೋದಕ್ಕಿಂತ ಎಷ್ಟೋ ಜಾಸ್ತಿ, ಅದನ್ನ ಹಾಗೇ ಮನುಷ್ಯರಿಗೆ ಹೇಳಕ್ಕಾಗಲ್ಲ.

ಇನ್ನೊಂದು ಗಂಭೀರ ವಿಷ್ಯ, ಕೋವಿಡ್ ಟೈಮಲ್ಲಿ ಅಮೃತಬಳ್ಳಿ ಕುಡಿದ 6 ಜನಕ್ಕೆ ಲಿವರ್ ತೊಂದ್ರೆ ಆಗಿದ್ದನ್ನ ಮುಂಬೈ ಡಾಕ್ಟರ್‌ಗಳು 2021ರಲ್ಲಿ ವರದಿ ಮಾಡಿದ್ರು (ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೂ ನಿಜ). ಹಾಗಾಗಿ ಲಿವರ್, ಕಿಡ್ನಿ ಕಾಯಿಲೆ ಇರೋರು ದಯವಿಟ್ಟು ಡಾಕ್ಟರ್‌ನ ಕೇಳ್ದೆ ಶುರು ಮಾಡ್ಬೇಡಿ.

ನಮ್ಮ ರಾಜ್ಯ 2024ರ ಮಾರ್ಚಲ್ಲಿ ಗೋಬಿಗೆ ಕೃತಕ ಬಣ್ಣ ಹಾಕೋದನ್ನೇ ನಿಷೇಧ ಮಾಡಿದೆ. ಗಾಢ ಕೆಂಪು ಗೋಬಿ ಕಂಡ್ರೆ ಬೇಡ ಅನ್ನಿ.